ದುಭಾಷಿ ಕಲಿತ ಹೊಸ ಪದ

“ಗುರುಗಳೇ, ಸ್ಪ್ಯಾನಿಷ್ ವ್ಯಾಕರಣ ಬಂತು, ಪದಗಳೂ ಸಾಕಷ್ಟು ಕೂಡಿದವು. ಆದರೆ ಆ ನಾಡಿನವರು ಸರಸರನೆ ಮಾತಾಡಿದರೆ ಅರ್ಧ ಕೈಜಾರುತ್ತದೆ. ಕಿವಿಯನ್ನು ಪಳಗಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಕಡಲ ತಡಿಯ ಊರೊಂದರಲ್ಲಿ ಒಬ್ಬ ದುಭಾಷಿ ಇದ್ದ. ಸ್ಪ್ಯಾನಿಷ್ ಭಾಷೆಯನ್ನು ಅರೆದು ಕುಡಿದವನು. ಆದರೆ ಆ ಬಂದರಿಗೆ ಸ್ಪೇನಿನ ಹಡಗು ಬರುವುದೇ ಅಪರೂಪ. ಪಾಪ, ಹಸಿವೆಂದರೆ ಅನ್ನದ ಹಸಿವೊಂದೇ ಅಲ್ಲ. ಅವನು ಕಲಿತ ಮಾತನ್ನು ಗೋಡೆಗೆ ಹೇಳಿಕೊಂಡು ಕಾಲ ಕಳೆಯುತ್ತಿದ್ದ.

ಒಂದು ಬೆಳಿಗ್ಗೆ, ಒಡೆದ ಹಡಗಿನ ನಾವಿಕನೊಬ್ಬ ಈಜಿ ದಡ ಸೇರಿದ. ಬೆಸ್ತರು ಅವನನ್ನು ಮರಳಿನ ಮೇಲೆ ಮಲಗಿಸಿ ದುಭಾಷಿಯನ್ನು ಕರೆಸಿದರು. ನಾವಿಕ ಅವನ ಕೈ ಹಿಡಿದುಕೊಂಡು ಒಂದೇ ಉಸಿರಿಗೆ ಹೇಳತೊಡಗಿದ. ತನ್ನ ತಮ್ಮ ಕಡಲ ನಡುವಿನ ಬಂಡೆಯೊಂದನ್ನು ತಬ್ಬಿಕೊಂಡಿದ್ದಾನೆ, ಕಾಲು ಮುರಿದಿದೆ, ಈಜಲಾರ, ಉಬ್ಬರ ಬರುವುದರೊಳಗೆ ದೋಣಿ ಹೋಗಲಿ ಎಂದ.

ದುಭಾಷಿಗೆ ಎಲ್ಲವೂ ತಿಳಿಯಿತು. ತಿಳಿಯಿತೆಂಬ ಸಂತೋಷಕ್ಕೇ ಅವನ ಕಣ್ಣು ತುಂಬಿತು. ಪುಸ್ತಕದಲ್ಲಿ ಮಾತ್ರ ಕಂಡಿದ್ದ ಹಾರೈಕೆಯ ಕ್ರಿಯಾರೂಪಗಳು ಜೀವಂತ ಬಾಯಿಂದ ಬರುತ್ತಿದ್ದವು. ಒಂದೇ ಒಂದು ಪದ ಹೊಸದು. ಇಳಿತದಲ್ಲಿ ಕಾಣಿಸಿ ಉಬ್ಬರದಲ್ಲಿ ಮುಳುಗುವ ಬಂಡೆಗೆ ಆ ಜನ ಇಟ್ಟ ಹೆಸರು ಅದು.

“ಎಂತ ಹೇಳ್ತಾನೆ ಒಡೆಯಾ? ದೋಣಿ ಇಳಿಸೂದಾ?” ಎಂದು ಬೆಸ್ತರ ಯಜಮಾನ ಕೇಳಿದ.

“ತಡಿ ಮಾರಾಯ” ಎಂದು ದುಭಾಷಿ ಕೈ ಅಡ್ಡ ಹಿಡಿದ. ನಾವಿಕನತ್ತ ಬಾಗಿ, “ಬಂಡೆಗೆ ಏನೋ ಅಂದೆಯಲ್ಲ, ಇನ್ನೊಮ್ಮೆ ಹೇಳು, ನಿಧಾನವಾಗಿ” ಎಂದ.

ನಾವಿಕ ಹೇಳಿದ. ದುಭಾಷಿ ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡಿದ. ಉಚ್ಚಾರ ಸರಿಯಾಯಿತೇ ಎಂದು ಕೇಳಿದ. ಅದರ ಬಹುವಚನ ಕೇಳಿದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾವಿಕ ಅಳುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟ. ಇಷ್ಟು ಹೇಳಿದರೇ ದೋಣಿ ಹೊರಡುತ್ತದೆ ಎಂದು ಆ ಬಡಪಾಯಿ ನಂಬಿದ್ದ.

ಕೊನೆಗೆ ದುಭಾಷಿ ಸಂಗತಿ ತಿಳಿಸಿದ. ಬೆಸ್ತರು ಮರುಮಾತಾಡದೆ ದೋಣಿ ನೂಕಿದರು, ತೋಳು ಸೋಲುವಂತೆ ಹುಟ್ಟು ಹಾಕಿದರು. ಬಂಡೆಯಿದ್ದ ಕಡೆ ಬರಿ ನೀರಿತ್ತು. ಅವರು ತಿರುಗಿ ಬಂದಾಗ ನಾವಿಕ ತಮ್ಮನಿಲ್ಲದ ದೋಣಿಯನ್ನು ನೋಡಿದ. ದುಭಾಷಿಯ ಕೈ ಬಿಟ್ಟು ಮುಖ ತಿರುಗಿಸಿಕೊಂಡ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಕಲಕಿಹೋಗಿತ್ತು. ಆದರೂ ಒಂದು ಕುತೂಹಲ ಅವನನ್ನು ಬಿಡಲಿಲ್ಲ.

“ಗುರುಗಳೇ, ಆ ಬಂಡೆಗೆ ಸ್ಪ್ಯಾನಿಷಿನಲ್ಲಿ ಏನೆನ್ನುತ್ತಾರೆ?”

ಗುರು ಕಣ್ಣು ಮುಚ್ಚಿಕೊಂಡರು.

“ಆ ತಮ್ಮ ಈಗ ಎರಡನೆಯ ಸಲ ಮುಳುಗಿದ, ಮಗು.”