ಬೆನ್ನ ಹಿಂದಿನ ಗಂಟು

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಗೆ ಅವಳಜ್ಜಿ ಹೇಳೋ ಹೊತ್ತಿಗೇ ಹಳೇದಾಗಿಹೋಗಿದ್ದ ಕಾಲದಲ್ಲಿ, ಒಂದು ಕೋಟೆ ಊರಿತ್ತಂತೆ. ಆ ಕರಾಟೆ ಅಂಗಿ ಬಿಚ್ಚಿಟ್ಟು ಮಲಕ್ಕೋ ಅಂದ್ರೆ ಕೇಳಲ್ಲ ನೀನು, ಮೇಲೆ ಬೆಲ್ಟು ಬೇರೆ ಬಿಗ್ಕೊಂಡಿದೀಯ. ಇರ್ಲಿ ಬಿಡು, ಹ್ಞೂ ಹ್ಞೂ ಅಂತಿರು, ನೀನು ಹ್ಞೂ ಅನ್ನದಿದ್ರೆ ನಾನು ಹೇಳೋದಿಲ್ಲ. ಆ ಊರಲ್ಲೊಂದು ಗರಡಿಮನೆ, ಅದರ ಬಾಗಿಲು ಎಷ್ಟು ಗಿಡ್ಡ ಅಂದ್ರೆ ಎಂಥಾ ಪೈಲ್ವಾನ ಬಂದ್ರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಂತೆ. ಅಲ್ಲಿ ಕುಸ್ತಿ ಕಲಿಸೋ ಉಸ್ತಾದ್ ಕಾಳನಾಯ್ಕ, ಅವನ ಹೆಂಡ್ತಿ ಸಾಕಮ್ಮ, ಅವರಿಗೆ ಮೂರು ಜನ ಗಂಡುಮಕ್ಕಳು. ಹಿರಿಯ ಬೆಟ್ಟ, ನಡುವಿನವನು ಜವರ, ಕಿರಿಯ ಹೊನ್ನ. ಬೆಟ್ಟ ನೋಡೋಕೆ ಲಕ್ಷಣವಾಗಿದ್ದ, ಅದು ಅವನಿಗೂ ಗೊತ್ತಿತ್ತು. ಹೊನ್ನ ಬಾಯಿಬಡುಕ. ಜವರನದ್ದು ಮಾತು ಕಮ್ಮಿ, ಹಟ ಜಾಸ್ತಿ.

ಈಗಿನ ಹಂಗೆ ಅಂಗಡಿಗೆ ಹೋಗಿ ಅಂಗಿ ಚಡ್ಡಿ ತಂದು ಹಾಕ್ಕೊಂಡು ಕುಸ್ತಿ ಆಡೋ ಕಾಲ ಅಲ್ಲ ಅದು. ಒಂದುದ್ದ ಬಟ್ಟೆ, ಅದನ್ನ ಸೊಂಟಕ್ಕೆ ಸುತ್ತಿ, ಕಾಲಸಂದಿಯಿಂದ ಹಿಂದಕ್ಕೆ ತಗೊಂಡು, ಎಳೆದು ಕಚ್ಚೆ ಕಟ್ಟಬೇಕು, ಅಷ್ಟೇ ಮೈಮೇಲಿರೋದು. ಕುಸ್ತೀಲಿ ಎದುರಾಳಿ ಕೈ ಹಾಕೋದೇ ಆ ಕಚ್ಚೆಗೆ. ಅದಕ್ಕೇ ಹಿಂದಿನ ಗಂಟು ಕಲ್ಲಿನ ಹಂಗಿರಬೇಕು. ತಾನೇ ಕಟ್ಕೊಂಡ್ರೆ ಅಷ್ಟು ಬಿಗಿ ಬರಲ್ಲ, ಇನ್ನೊಬ್ಬರು ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದು ಕಟ್ಟಿದ್ರೇನೇ ಬರೋದು. ಕಾಳನಾಯ್ಕ ಒಂದು ಕಟ್ಟಳೆ ಮಾಡಿಟ್ಟಿದ್ದನಂತೆ, ನನ್ನ ಗರಡೀಲಿ ಯಾರೂ ತಮ್ಮ ಕಚ್ಚೆ ತಾವೇ ಕಟ್ಕೋಬಾರದು, ಯಾರದ್ದನ್ನ ಯಾರು ಕಟ್ಟಬೇಕು ಅಂತ ನಾನು ಹೇಳ್ತೀನೋ ಅವರೇ ಕಟ್ಟಬೇಕು ಅಂತ. ಮಕ್ಕಳಿಗೂ ಅದೇ. ಬೆಟ್ಟನಿಗೆ ಹೊನ್ನ ಕಟ್ಟೋನು, ಹೊನ್ನನಿಗೆ ಜವರ ಕಟ್ಟೋನು, ಜವರನಿಗೆ ಬೆಟ್ಟ ಕಟ್ಟೋನು. ಬೆಳಗ್ಗೆ ಜಗಳ ಆಡಿ ಮಾತು ಬಿಟ್ಟಿದ್ರೂ ಸಾಯಂಕಾಲ ಕಚ್ಚೆ ಕಟ್ಟೋ ಹೊತ್ತಿಗೆ ಹತ್ತಿರ ಬರಲೇಬೇಕಲ್ಲ, ಹಂಗೆ ಆ ಮನೇಲಿ ಯಾವ ಜಗಳಾನೂ ರಾತ್ರಿವರೆಗೆ ಉಳೀತಿರಲಿಲ್ಲವಂತೆ.

ಆಮೇಲೆ ಏನಾಯ್ತು, ಒಂದು ಸಲ ಪಾಳೇಗಾರನ ಮುಂದೆ ಕುಸ್ತಿ ನಡೆದು, ಬೆಟ್ಟ ಗೆದ್ದ. ಪಾಳೇಗಾರ ಹಿಗ್ಗಿಹೋಗಿ ಒಂದು ಚಡ್ಡಿ ಹೊಲಿಸಿ ಕೊಟ್ಟ. ನಗಬೇಡ, ಅದೇನು ಅಂತಿಂಥ ಚಡ್ಡಿಯಾ? ಕೆಂಪು ಮಕಮಲ್ಲು, ಅಂಚಿಗೆ ಜರಿ, ಸೊಂಟಕ್ಕೆ ರೇಷ್ಮೆ ಲಾಡಿ. ಕಾಲು ತೂರಿಸಿ ಲಾಡಿ ಎಳೆದ್ರೆ ಆಯ್ತು, ಯಾರ ಹಂಗೂ ಬೇಡ. ಕಾಳನಾಯ್ಕ ಅದನ್ನ ಮುಟ್ಟಿ ನೋಡಿ, ಚೆನ್ನಾಗಿದೆ ಕಣಪ್ಪ, ದೊಡ್ಡೋರು ಕೊಟ್ಟಿದ್ದು, ಪೆಟ್ಟಿಗೇಲಿಡು, ಮಣ್ಣಿಗೆ ಇಳಿಯೋಕೆ ನಮ್ಮ ಬಟ್ಟೇನೇ ಸರಿ ಅಂದ. ಬೆಟ್ಟ ತಲೆ ಆಡಿಸಿದ, ಆದ್ರೆ ಮಾರನೇ ದಿನ ಅದನ್ನೇ ಹಾಕ್ಕೊಂಡು ಗರಡಿಗೆ ಬಂದನಂತೆ. ಹೊನ್ನ ಎಂದಿನ ಹಂಗೆ ಹಿಂದೆ ಹೋಗಿ ನಿಂತ್ರೆ, ಇನ್ಮೇಲೆ ನೀನು ಬೇಡ ಹೋಗೋ ಅಂದನಂತೆ. ಹೊನ್ನ ಪೆಚ್ಚಾಗಿ ಪಕ್ಕಕ್ಕೆ ಸರಿದ.

ಆಮೇಲಾಮೇಲೆ ಬೆಟ್ಟ ಮಣ್ಣಿಗೆ ಇಳಿಯೋದೂ ಕಮ್ಮಿಯಾಯ್ತು. ಗರಡಿ ಮಣ್ಣು ಅಂದ್ರೆ ಅದಕ್ಕೆ ಎಣ್ಣೆ, ಅರಿಶಿನ, ಮಜ್ಜಿಗೆ ಎಲ್ಲಾ ಕಲಸಿರ್ತಾರೆ, ಮಕಮಲ್ಲಿಗೆ ಹತ್ತಿದ್ರೆ ಬಿಡುತ್ತಾ? ಅದಕ್ಕೇ ಅಂಚಲ್ಲಿ ಕೂತು, ಹಂಗೆ ಹಿಡೀರೋ, ಹಿಂಗೆ ಒಗೀರೋ ಅನ್ನೋದು. ಜವರ ಬಟ್ಟೆ ತುದಿ ಹಿಡ್ಕೊಂಡು ಬಂದ್ರೆ, ಅದು ಎಣ್ಣೆಜಿಡ್ಡು ಮಾರಾಯ, ನನ್ನ ಚಡ್ಡಿಗೆ ಮೆತ್ತುತ್ತೆ, ಹೊನ್ನನ ಕೈಲಿ ಕಟ್ಟಿಸ್ಕೋ ಹೋಗು ಅನ್ನೋದು. ಜವರ ಹೊನ್ನನ ಕೈಲಿ ಕಟ್ಟಿಸ್ಕೋಬಹುದಿತ್ತು, ಯಾರೂ ಬೇಡ ಅಂತಿರಲಿಲ್ಲ. ಆದ್ರೆ ಅಪ್ಪ ಹೇಳಿದ್ದು ಅಣ್ಣ ಕಟ್ಟಬೇಕು ಅಂತ ತಾನೆ? ಕಟ್ಟಿದ್ರೆ ಅಣ್ಣ ಕಟ್ಟಲಿ, ಇಲ್ದಿದ್ರೆ ನಾನೇ ಕಟ್ಕೋತೀನಿ ಅಂತ ಅವನ ಹಟ. ಮೂಲೇಲಿ ಗೋಡೆಗೆ ಒರಗಿ, ಕೈ ಹಿಂದಕ್ಕೆ ತಿರುಗಿಸಿ, ಹೆಂಗೋ ಕಟ್ಕೊಳ್ಳೋನಂತೆ. ಅಪ್ಪನಿಗೆ ಹೇಳಲೂ ಇಲ್ಲ.

ಆಮೇಲೆ ಊರ ಮಾನದ ಕುಸ್ತಿ ಬಂತು. ಹೊಳೆಯಾಚೆ ಊರಿಂದ ಒಬ್ಬ ಜಟ್ಟಿ ಬಂದಿದ್ದ, ಆನೆ ಹಂಗಿದ್ದ, ಅವನ ಮುಂದೆ ಜವರನೇ ಆಡಬೇಕು ಅಂತ ಉಸ್ತಾದ ಹೇಳಿದ. ಊರಿಗೂರೇ ಸೇರಿತ್ತು, ಪಾಳೇಗಾರ ಚಾವಡಿ ಮೇಲೆ ಕೂತಿದ್ದ. ಜವರ ಬಟ್ಟೆ ಹಿಡ್ಕೊಂಡು ಬೆಟ್ಟನ ಹತ್ತಿರ ಹೋದ. ಬೆಟ್ಟ ಮಕಮಲ್ಲು ತೊಟ್ಟು ಪಾಳೇಗಾರನ ಕಡೆಯೋರ ಜೊತೆ ಎಲೆಅಡಿಕೆ ಹಾಕ್ಕೊಂಡು ನಿಂತಿದ್ದ. ಅಣ್ಣಾ, ಇವತ್ತೊಂದು ದಿನ ಬಾ ಅಂದ ಜವರ. ಬಂದೆ ಇರು ಅಂದ ಬೆಟ್ಟ. ಇನ್ನೊಂದ್ಸಲ ಕರೆದ, ಬಂದೆ ಅಂದ್ನಲ್ಲ ಅಂದ. ಮೂರನೇ ಸಲ ಕರೆಯೋ ಅಷ್ಟರಲ್ಲಿ ತಮಟೆ ಬಡಿದೇಬಿಟ್ರು. ಜವರ ತಾನೇ ಕಟ್ಕೊಂಡು ಮಣ್ಣಿಗೆ ಇಳಿದ.

ಏನು ಆಡಿದ ಅಂತೀಯ! ಆ ಜಟ್ಟೀನ ಸುಸ್ತು ಹೊಡೆಸಿ, ಕೊನೆಗೆ ಸೊಂಟಕ್ಕೆ ಕೈ ಹಾಕಿ ಎತ್ತೇಬಿಟ್ಟ. ಎತ್ತಿದ್ದೇ, ಹಿಂದಿನ ಗಂಟು ಜಾರಿತು. ಬಟ್ಟೆ ಕಾಲಿಗೆ ಬಿತ್ತು. ಪಾಪ, ಎರಡೂ ಕೈ ಮಾನ ಮುಚ್ಕೊಳ್ಳೋಕೆ ಹೋದ್ವು, ಜಟ್ಟಿ ಮೇಲಿಂದ ಅವನನ್ನೇ ಅಂಗಾತ ಕೆಡವಿದ. ಊರೆಲ್ಲಾ ಹೋ ಅಂತ ನಕ್ಕಿತು. ಕಾಳನಾಯ್ಕ ಓಡಿಬಂದು ತನ್ನ ಹೆಗಲ ಮೇಲಿನ ವಲ್ಲಿ ಹೊದಿಸಿದ. ಜವರ ಅದನ್ನ ಸುತ್ತಿಕೊಂಡು, ಜನ ದಾರಿ ಬಿಟ್ಟ ಕಡೆ ನಡೆದು ಹೋದನಂತೆ, ಹೋದವನು ಮನೆಗೂ ಬರಲಿಲ್ಲ, ಊರಿಗೂ ಬರಲಿಲ್ಲ.

ಯಾರೂ ಬೆಟ್ಟನಿಗೆ ಏನೂ ಅನ್ನಲಿಲ್ಲವಂತೆ, ಅದೇ ಅವನಿಗೆ ಹೆಚ್ಚಾಯ್ತು. ಅಯ್ಯೋ, ಒಂದು ಗಳಿಗೆ ಹೋಗಿ ಕಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು ಅಂತ ಕೂತ್ರೂ ಅದೇ, ನಿಂತ್ರೂ ಅದೇ ಯೋಚನೆ. ಆ ಚಡ್ಡಿ ಮತ್ತೆ ತೊಡಲಿಲ್ಲ, ಪೆಟ್ಟಿಗೇಲೇ ಹುಳ ತಿಂದುಹೋಯ್ತು. ಕಾಳನಾಯ್ಕ ದಿನಾ ಬೆಳಗ್ಗೆ ಎದ್ದು, ಜವರ ಬಂದನಾ ಅಂತ ಕೇಳೋನು. ಹಂಗೆ ಕೇಳ್ತಾ ಕೇಳ್ತಾನೇ ಒಂದಿನ ಕಣ್ಣು ಮುಚ್ಚಿದ. ಮಣ್ಣು ಮಾಡಿ ಬಂದು ಸಾಕಮ್ಮ, ಅವರಂತೂ ನೋಡದೇ ಹೋದ್ರು, ನಾನಾದ್ರೂ ಒಂದ್ಸಲ ನೋಡ್ತೀನೇನೋ ಬೆಟ್ಟ ಅಂದಳಂತೆ. ಬೆಟ್ಟ ಗರಡೀನ ಹೊನ್ನನ ಕೈಗೆ ಕೊಟ್ಟು, ತಮ್ಮನನ್ನ ಹುಡುಕ್ಕೊಂಡು ಹೊರಟ.

ಮೊದಲನೇದಾಗಿ ಹೊಳೆ ದಡದ ಊರಿನ ಗರಡಿಗೆ ಹೋದ. ಹ್ಞಾ, ಅಂಥವನೊಬ್ಬ ಇದ್ದ, ದೋಣಿಗೆ ಮೂಟೆ ಹೊರ್ತಿದ್ದ, ಕುಸ್ತಿ ಆಡೋ ಅಂದ್ರೆ ಒಲ್ಲೆ ಅಂತಿದ್ದ, ಹೊರಟುಹೋದ ಅಂದ್ರು. ಆಮೇಲೆ ಗುಡ್ಡದ ಮೇಲಿನ ಊರಿಗೆ ಹೋದ. ಇದ್ದ ಕಣಪ್ಪ, ನಮ್ಮ ಹುಡುಗ್ರಿಗೆ ಪಟ್ಟು ಹೇಳ್ಕೊಡ್ತಿದ್ದ, ಯಾರೋ ಅವನ ಗುರುತು ಹಿಡಿದು ಹಳೇ ಸುದ್ದಿ ಎತ್ತಿದ್ರು, ಮಾರನೇ ದಿನ ಇಲ್ಲ ಅಂದ್ರು. ಆಮೇಲೆ ಕಾಲಿಗೆ ಬೊಕ್ಕೆ ಬರೋ ತನಕ ನಡೆದು ನೇಕಾರರ ಊರೊಂದಕ್ಕೆ ಬಂದ. ಅಲ್ಲೊಂದು ಸಣ್ಣ ಗರಡಿ. ಬಗ್ಗಿ ಒಳಗೆ ಹೋದ್ರೆ, ಮಣ್ಣಿನ ಪಕ್ಕ ಜವರ ನಿಂತಿದ್ದಾನೆ, ತಲೇಲಿ ಬಿಳಿಕೂದಲು ಬಂದಿದೆ.

ಬೆಟ್ಟ ನೋಡ್ತಾನೆ, ಅಲ್ಲಿ ಒಬ್ಬನಿಗೂ ಕಚ್ಚೆ ಇಲ್ಲ. ಎಲ್ಲಾರಿಗೂ ದಪ್ಪ ಖಾದಿ ಬಟ್ಟೇಲಿ ಹೊಲಿದ ಚಡ್ಡಿ, ಗಟ್ಟಿ ಲಾಡಿ. ಇದೇನೋ ಜವರ, ಅಪ್ಪನ ಕಟ್ಟಳೆ ಎಲ್ಲಿ ಹೋಯ್ತು ಅಂದ. ಜವರ, ಇಲ್ಲಿ ಯಾರೂ ಯಾರಿಗೂ ಕಾಯೋಹಂಗಿಲ್ಲಣ್ಣ, ಬರ್ತಾರೆ, ತೊಡ್ತಾರೆ, ಇಳೀತಾರೆ ಅಂದ. ಬೆಟ್ಟ ಅಪ್ಪ ಹೋದ ಸುದ್ದಿ ಹೇಳಿದ. ಜವರ ಅಲ್ಲೇ ಕುಕ್ಕರಿಸಿ ಅತ್ತ. ಅವನು ಅಳೋದು ನಿಂತ ಮೇಲೆ ಬೆಟ್ಟ, ತಪ್ಪಾಯ್ತು ಕಣೋ, ಆವತ್ತು ನಾನು ಬಂದು ಕಟ್ಟಿದ್ರೆ ಇದ್ಯಾವುದೂ ಆಗ್ತಿರಲಿಲ್ಲ ಅಂತ ಕೈ ಹಿಡ್ಕೊಂಡ.

ಆಗ ಜವರ ಏನಂದ ಗೊತ್ತಾ? ಕಟ್ಟದೇ ಇದ್ದಿದ್ದು ಹೋಗ್ಲಿ ಬಿಡಣ್ಣ, ಹೊನ್ನನ್ನ ಕರೆಯದೇ ಇದ್ದಿದ್ದು ನನ್ನ ಕೊಬ್ಬು, ಗಂಟಿನ ತಪ್ಪು ನಂದೇ. ಮಣ್ಣಲ್ಲಿ ಬಿದ್ದಾಗ ಊರೆಲ್ಲಾ ನಗ್ತಾ ಇತ್ತು, ನಾನು ನಿನ್ನ ಮುಖ ಹುಡುಕಿದೆ. ನೀನೂ ನಗ್ತಾ ಇದ್ದೆ ಅಂದನಂತೆ.

ಬೆಟ್ಟ ಇಲ್ಲ ಅನ್ನೋಕೆ ಬಾಯಿ ತೆಗೆದ. ತೆಗೆದವನಿಗೆ ನೆನಪಾಯ್ತು. ಹೌದು, ನಕ್ಕಿದ್ದ. ಪಾಳೇಗಾರನ ಕಡೆಯೋರು ನಕ್ರು, ಬೆನ್ನ ಮೇಲೊಂದು ತಟ್ಟಿದ್ರು, ಇವನೂ ಬಾಯಿ ತುಂಬ ಎಲೆಅಡಿಕೆ ಇಟ್ಕೊಂಡು ನಕ್ಕಿದ್ದ. ಇಷ್ಟು ವರ್ಷ ಗಂಟಿನ ಬಗ್ಗೆ ಕೊರಗಿ ಕೊರಗಿ, ಅದನ್ನ ಮರೆತೇಬಿಟ್ಟಿದ್ದ ಮನುಷ್ಯ. ಹೌದು ಕಣೋ, ನಕ್ಕೆ ಅಂದ. ಅಷ್ಟರಲ್ಲಿ ಜವರನ ಹೆಂಡ್ತಿ ಊಟಕ್ಕೆ ಕರೆದಳು, ಜವರ ಮಕ್ಕಳನ್ನ ಕೂಗಿ, ಇವರು ನಿಮ್ಮ ದೊಡ್ಡಪ್ಪ, ಕೈ ತೊಳೆಯೋಕೆ ನೀರು ಕೊಡಿ ಅಂದ. ಎಲ್ಲಾ ಒಂದೇ ಸಾಲಲ್ಲಿ ಕೂತು ಉಂಡ್ರಂತೆ.

ಆಮೇಲೆ ಜವರ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಅಮ್ಮನ್ನ ನೋಡೋಕೆ ಬಂದ. ಸಾಕಮ್ಮ ಮೊಮ್ಮಕ್ಕಳನ್ನ ತೊಡೆ ಮೇಲಿಂದ ಇಳಿಸಲೇ ಇಲ್ಲ. ಇಲ್ಲೇ ಇದ್ದುಬಿಡೋ ಅಂದ್ರೆ, ಅಲ್ಲಿ ನನ್ನ ಹುಡುಗ್ರು ಇದಾರಮ್ಮ, ಸುಗ್ಗಿ ಮುಗಿದ ಮೇಲೆ ವರ್ಷಾ ವರ್ಷಾ ಬರ್ತೀನಿ ಅಂದ, ಹಂಗೇ ಬರ್ತಿದ್ದನಂತೆ. ಎಲ್ಲಾರೂ ಚೆನ್ನಾಗಿದ್ರು. ಬಂದ ಮೊದಲನೇ ದಿನ ಸಾಯಂಕಾಲ ಜವರ, ಹೊನ್ನ, ಸಾಕಮ್ಮ ಪಡಸಾಲೇಲಿ ಕೂತು, ಚಿಕ್ಕಂದಿನ ಏನೋ ಮಾತು ತೆಗೆದು ಬಿದ್ದು ಬಿದ್ದು ನಗ್ತಿದ್ರು. ಬೆಟ್ಟ ಹೊಸ್ತಿಲಲ್ಲಿ ನಿಂತಿದ್ದ. ಅವನಿಗೂ ನಗು ಬರೋ ಮಾತೇ ಅದು, ಆದ್ರೆ ಜವರನ ಎದುರಿಗೆ ಬಾಯಿ ತೆರೆದು ನಗೋಕೆ ಅವನಿಗೆ ಧೈರ್ಯ ಬರಲಿಲ್ಲವಂತೆ. ಜವರ ತಿರುಗಿ ನೋಡಿ, ಅಲ್ಯಾಕಣ್ಣ ನಿಂತೆ, ಬಾ ಕೂತ್ಕೋ ಅಂದ. ಬೆಟ್ಟ ಹೋಗಿ ಪಕ್ಕದಲ್ಲಿ ಕೂತ. ಅವರು ನಕ್ರು, ಇವನು ಕೇಳಿಸ್ಕೊಂಡ.

ಅವರು ಅಲ್ಲಿ ಸುಖವಾಗಿದ್ರು, ನಾವಿಲ್ಲಿ ಹಿಂಗಿದೀವಿ. ಕತೆ ಅಲ್ಲಿಗೆ ಮುಗೀತು. ಹ್ಞೂ ಅನ್ನೋದು ಯಾವಾಗ ನಿಲ್ಲಿಸಿದೆಯೋ ಏನೋ, ಮಲಕ್ಕೋ ನನ್ನಪ್ಪ.