ಫಕೀರವ್ವನ ಸಹಿ

ಗದಗಿನ ಹೊರವಲಯದ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಶಿವಪುತ್ರಪ್ಪ ಎಂಬ ಎಲೆಕ್ಟ್ರಿಷಿಯನ್ ಇದ್ದ. ಇಪ್ಪತ್ತೆರಡು ವರ್ಷದ ಅನುಭವ. ಅಲ್ಲಿನ ಯಂತ್ರಗಳೆಲ್ಲ ಕಂಪ್ಯೂಟರ್ ಪ್ರೋಗ್ರಾಂ ಹೇಳಿದಂತೆ ನಡೆಯುತ್ತಿದ್ದವು. ಆ ಪ್ರೋಗ್ರಾಂ ಶಿವಪುತ್ರಪ್ಪ ಹೇಳಿದಂತೆ ನಡೆಯುತ್ತಿತ್ತು. ಹೀಗಿರುವಾಗ ಜಂಬ ಬಾರದೆ ಇರುತ್ತದೆಯೇ?

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಪ್ರೋಗ್ರಾಂನಲ್ಲಿ ಏನೇ ಬದಲಿಸಿದರೂ ಯಂತ್ರದ ಪಕ್ಕದಲ್ಲಿಟ್ಟ ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆ ಸಹಿ ಹಾಕಬೇಕಾದವರು ಮ್ಯಾನೇಜರ್ ಅಲ್ಲ, ಆ ಯಂತ್ರದೊಳಗೆ ಕೈಯಿಟ್ಟು ದುಡಿಯುವವರು. ಅವರ ಸಹಿ ಆಗದೆ ಯಂತ್ರ ಚಾಲೂ ಮಾಡುವಂತಿಲ್ಲ. ಶಿವಪುತ್ರಪ್ಪನಿಗೆ ಇದು ಎಳ್ಳಷ್ಟೂ ಸೇರುತ್ತಿರಲಿಲ್ಲ.

"ಹಿಟ್ಟು ನಾದೋರ ಸಹಿ ತಗೊಂಡು ನಾ ಕೆಲಸ ಮಾಡಬೇಕೇನು?" ಎಂದು ಗೊಣಗುತ್ತಿದ್ದ.

ಹಿಟ್ಟು ನಾದುವ ಯಂತ್ರವೆಂದರೆ ಬಾವಿಯಂಥ ಉಕ್ಕಿನ ಪಾತ್ರೆ, ಅದರೊಳಗೆ ತಿರುಗುವ ದಪ್ಪ ತೋಳು. ನಾದುವ ನಡುವೆ ಆ ತೋಳು ತಾನಾಗಿಯೇ ಎರಡು ನಿಮಿಷ ನಿಲ್ಲುತ್ತದೆ. ಆಗ ಮುಚ್ಚಳ ತೆರೆದು, ಅಂಚಿಗೆ ಮೆತ್ತಿದ ಹಿಟ್ಟನ್ನು ಕೆರೆದು ಒಳಗೆ ತಳ್ಳಬೇಕು. ಮುಚ್ಚಳದಲ್ಲಿ ಒಂದು ಸೆನ್ಸರ್ ಇದೆ. ಮುಚ್ಚಳ ತೆರೆದಿರುವವರೆಗೆ ತೋಳು ಮತ್ತೆ ತಿರುಗದು. ಆ ನಂಬಿಕೆಯ ಮೇಲೆಯೇ ಜನ ಒಳಗೆ ಕೈ ಹಾಕುತ್ತಿದ್ದರು.

ಗಣೇಶ ಹಬ್ಬಕ್ಕೆ ಆರ್ಡರ್ ಜೋರಾಗಿತ್ತು. ಅಂಥ ಹೊತ್ತಿನಲ್ಲೇ ಒಂದು ಮಧ್ಯಾಹ್ನ ಸೆನ್ಸರ್ ಕೈಕೊಟ್ಟಿತು. ಮುಚ್ಚಳ ಹಾಕಿದ್ದರೂ ತೆರೆದಿದೆ ಎಂದು ತೋರಿಸಿ ಯಂತ್ರ ನಿಂತೇ ಬಿಟ್ಟಿತು. ಮ್ಯಾನೇಜರ್ ಇನಾಮದಾರರು ಹತ್ತು ನಿಮಿಷಕ್ಕೊಮ್ಮೆ ಬಂದು "ಆತೇನ್ರೀ?" ಎಂದು ಕೇಳತೊಡಗಿದರು. ಶಿವಪುತ್ರಪ್ಪ ಲ್ಯಾಪ್‌ಟಾಪ್ ತೆರೆದ. ಮುಚ್ಚಳ ಯಾವಾಗಲೂ ಹಾಕಿಯೇ ಇದೆ ಎಂದು ಯಂತ್ರ ತಿಳಿಯುವಂತೆ ಪ್ರೋಗ್ರಾಂ ಬದಲಿಸಿದ. ಯಂತ್ರ ಗರಗರ ತಿರುಗಿತು.

ಪುಸ್ತಕ ಮೊಳದೂರದಲ್ಲೇ ಇತ್ತು. ಅವನು ಮುಟ್ಟಲಿಲ್ಲ. ಯಂತ್ರ ನಡೆಸುತ್ತಿದ್ದ ಮೌಲಾಸಾಬನಿಗೆ ಬಾಯಿಮಾತಲ್ಲಿ ಹೇಳಿದ: "ಮುಚ್ಚಳ ತೆಗಿಯೂಕಿಂತ ಮೊದ್ಲ ಕೆಂಪು ಬಟನ್ ಒತ್ತು. ಮರೀಬ್ಯಾಡ. ನಾಳೆ ಹೊಸಾ ಸೆನ್ಸರ್ ಹಾಕ್ತೀನಿ." ಮೌಲಾಸಾಬ ಸಂಜೆವರೆಗೂ ಹಾಗೆಯೇ ಮಾಡಿದ. ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಶಿವಪುತ್ರಪ್ಪ ಸೆನ್ಸರ್ ತರಲು ಪೇಟೆಗೆ ಹೋದ. ಅಂಗಡಿಯಿಂದ ಹೊರಬಂದರೆ ಎದುರಿಗೆ ಮೌಲಾಸಾಬ! ಹೆಂಡತಿಯ ಜೊತೆ ನಿಂತು ಬಳೆ ನೋಡುತ್ತಿದ್ದ.

"ಏ, ನೀ ಇಲ್ಲೇನ್ ಮಾಡಾಕತ್ತೀ?"

"ಇವತ್ತ ರಜಾ ರೀ. ಮನ್ಯಾಗ ತಂಗಿ ನಿಶ್ಚಿತಾರ್ಥ ಐತಿ."

"ಮತ್ತ ಮಷಿನ್ ಮ್ಯಾಲೆ ಯಾರದಾರು?"

"ಫಕೀರವ್ವ. ನಾ ಇಲ್ದಾಗ ಯಾವಾಗ್ಲೂ ಆಕೀನ ಅಲ್ರೀ."

ಶಿವಪುತ್ರಪ್ಪ ಅವನ ರಟ್ಟೆ ಹಿಡಿದ. "ನಿನ್ನೆ ಹೇಳಿದ್ದು ಆಕೀಗೆ ಹೇಳೀಯೇನು?"

ಮೌಲಾಸಾಬ ಕಣ್ಣು ಕಣ್ಣು ಬಿಟ್ಟ. "ಇಲ್ರೀ. ಬುಕ್ಕಿನ್ಯಾಗ ನೀವು ಬರದಿರ್ತೀರಿ ಅಂದ್ಕೊಂಡೆ."

ಫಕೀರವ್ವನ ಫೋನ್ ಹತ್ತಲಿಲ್ಲ. ಒಳಗೆ ಹೋಗುವವರ ಫೋನೆಲ್ಲ ಗೇಟಿನಲ್ಲೇ ಇಡಿಸಿಕೊಳ್ಳುವುದು ನಿಯಮ. ಆಫೀಸಿನ ಫೋನ್ ಎಂಗೇಜ್. ಶಿವಪುತ್ರಪ್ಪ ಬೈಕ್ ಹತ್ತಿದ. ಮುಳಗುಂದ ನಾಕಾದಲ್ಲೂ ನಿಲ್ಲಿಸಲಿಲ್ಲ. ಫಕೀರವ್ವನಿಗೆ ಗಂಡನಿಲ್ಲ, ಎರಡು ಹೆಣ್ಣುಮಕ್ಕಳು. ಮನೆ ನಡೆಯುವುದೇ ಆಕೆಯ ಎರಡು ಕೈಗಳಿಂದ. ಅದು ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅವನಿಗೆ ಆ ಕೈಗಳೇ ಕಾಣುತ್ತಿದ್ದವು.

ಫಕೀರವ್ವ ಬೆಳಿಗ್ಗೆ ಬಂದವಳೇ ಪಕ್ಕದ ಯಂತ್ರದವರಿಗೆ ಪುಸ್ತಕ ತೋರಿಸಿ, ಹೊಸದೇನೂ ಬರೆದಿಲ್ಲ ಎಂದು ಕೇಳಿ ತಿಳಿದುಕೊಂಡೇ ಯಂತ್ರ ಚಾಲೂ ಮಾಡಿದ್ದಳು. ಆಗಲೇ ಎರಡು ಸಲ ಪಾತ್ರೆಯೊಳಗೆ ಕೈ ಹಾಕಿದ್ದಳು. ಎರಡೂ ಸಲ ಎರಡು ನಿಮಿಷದೊಳಗೆ ಕೆಲಸ ಮುಗಿದಿತ್ತು, ಅಷ್ಟೇ.

ಶಿವಪುತ್ರಪ್ಪ ಓಡಿ ಬಾಗಿಲಿಗೆ ಬಂದಾಗ ಮೂರನೆಯ ಸಲ. ಮುಚ್ಚಳ ತೆರೆದಿತ್ತು. ಆಕೆ ಸೊಂಟದವರೆಗೆ ಬಾಗಿ, ಮರದ ಕೆರೆಗೋಲಿನಿಂದ ತಳದ ಹಿಟ್ಟು ಕೆರೆಯುತ್ತಿದ್ದಳು. ಹಿಟ್ಟು ಗಟ್ಟಿಯಾಗಿತ್ತು, ತಡವಾಗುತ್ತಿತ್ತು. "ಫಕೀರವ್ವಾ!" ಎಂದು ಕೂಗಿದ. ಪಕ್ಕದ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆಕೆಯವರೆಗೆ ಓಡಲು ಸಮಯವಿರಲಿಲ್ಲ. ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಎಳೆದೇ ಬಿಟ್ಟ.

ಅಷ್ಟರೊಳಗೆ ತೋಳು ಗೇಣುದ್ದ ತಿರುಗಿಯಾಗಿತ್ತು. ಕೆರೆಗೋಲು ಲಟಕ್ಕನೆ ಮುರಿಯಿತು. ಕೈ ಉಳಿಯಿತು. ಫಕೀರವ್ವ ಹಿಂದಕ್ಕೆ ಬಿದ್ದು, ಅರ್ಧ ಕೋಲು ಹಿಡಿದುಕೊಂಡೇ ಕೂತಳು.

ಇನಾಮದಾರರು ಓಡಿ ಬಂದರು. "ಕರೆಂಟ್ ಯಾರು ತೆಗದ್ರಿ? ಮುಚ್ಚಳ ತೆಗದಾಗ ಅದು ಹೆಂಗ್ ತಿರುಗ್ತು?" ಯಾರೋ ಹಿಂದಿನಿಂದ "ವೋಲ್ಟೇಜ್ ಏರುಪೇರು ಆಗಿರಬೇಕ್ರಿ" ಎಂದರು.

ಶಿವಪುತ್ರಪ್ಪನಿಗೆ ದಾರಿ ಸಿಕ್ಕಿತ್ತು. ಹೌದು ಎಂದರೆ ಸಾಕು. ಸೆನ್ಸರ್ ಹಾಕುವ ನೆಪದಲ್ಲಿ ಪ್ರೋಗ್ರಾಂ ಸರಿಮಾಡಿದರೆ ಯಾರಿಗೂ ಗೊತ್ತಾಗದು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ನೋಡಿದ್ದು ಮಾತ್ರ ಫಕೀರವ್ವನ ಕೈಯನ್ನು.

"ವೋಲ್ಟೇಜ್ ಅಲ್ರೀ, ನಾನ ಮಾಡಿದ್ದು" ಎಂದ. ಪುಸ್ತಕ ತೆಗೆದು, ನಿನ್ನೆ ಬರೆಯಬೇಕಾಗಿದ್ದನ್ನು ಇಂದು ಬರೆದು, ಪೆನ್ನನ್ನು ಫಕೀರವ್ವನ ಮುಂದೆ ಹಿಡಿದ. ಆಕೆ ತೆಗೆದುಕೊಳ್ಳಲಿಲ್ಲ.

"ನನಗ ಓದಾಕ ಬರಂಗಿಲ್ರೀ, ಸಹಿ ಅಷ್ಟ ಬರತೈತಿ. ಏನ್ ಬರದೀರಿ, ಓದಿ ಹೇಳ್ರಿ."

ಅವನು ಓದಿದ. "ಮುಚ್ಚಳ ತೆರೆದಿದ್ದರೂ ಯಂತ್ರ ತಿರುಗುತ್ತದೆ."

ಫಕೀರವ್ವ ಮುರಿದ ಕೋಲನ್ನು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಂಗಾರ ಮುಂಜಾನಿಂದ ನನ್ನ ಕೈ ಬರೇ ನಿಮ್ಮ ನೆನಪಿನ ಮ್ಯಾಲೆ ಇತ್ತೇನ್ರೀ, ಅಣ್ಣಾರ?"

ಶಿವಪುತ್ರಪ್ಪ ಹೌದೆಂದು ತಲೆಯಾಡಿಸಿ, ಹೊಸ ಸೆನ್ಸರ್ ಹಾಕಿ ಪ್ರೋಗ್ರಾಂ ಮೊದಲಿನಂತೆ ಮಾಡಿದ; ಅದನ್ನೂ ಪುಸ್ತಕದಲ್ಲಿ ಬರೆದು, ಆಕೆಗೆ ಓದಿ ಹೇಳಿದ ಮೇಲೆಯೇ ಮತ್ತೆ ಪೆನ್ನು ಚಾಚಿದ.

ನೀತಿ: ನಾವು ಮಾಡಿದ ಬದಲಾವಣೆ ನಮ್ಮ ತಲೆಯಲ್ಲಷ್ಟೇ ಉಳಿದರೆ, ಅದರ ಪೆಟ್ಟು ಬೀಳುವುದು ಬೇರೆಯವರ ಮೈಮೇಲೆ. ಯಾರ ಜೀವ ನಮ್ಮ ಕೆಲಸವನ್ನು ನಂಬಿದೆಯೋ, ಅವರಿಗೆ ತಿಳಿಸದೆ ಸಣ್ಣದನ್ನೂ ಬದಲಿಸಬಾರದು. ಅವರ ಸಹಿ ಕೇಳುವುದು ಅವಮಾನವಲ್ಲ, ಅದು ಅವರ ಹಕ್ಕು.