ಪೊರೆ ಹರಿಯುವ ಮುನ್ನ

ಬಣ್ಣದ ಕಾರ್ಖಾನೆಯೊಂದರಲ್ಲಿ ಗಾಳಿಯ ಒತ್ತಡದಿಂದ ಆಸಿಡ್ ಎತ್ತುವ ಪಂಪಿತ್ತು. ಬಳಸಿದ ಗಾಳಿಯನ್ನು ಹೊರಗೆ ಬಿಡುವುದು ಅದರ ಸೈಲೆನ್ಸರಿನ ಕೆಲಸ. ಆ ಗಾಳಿ ಬಲು ತಣ್ಣಗೆ. ಡ್ರಮ್ಮು ತೊಳೆಯುವ ದಾಸಮ್ಮ ಬೇಸಿಗೆಯಲ್ಲಿ ಅದಕ್ಕೆ ಮುಖವೊಡ್ಡಿ, ಕಣ್ಣು ಮುಚ್ಚಿ, "ಹೋದ ಜೀವ ಬಂತಪ್ಪಾ" ಅನ್ನುತ್ತಿದ್ದಳು. ಸೈಲೆನ್ಸರ್ ಬೀಗುತ್ತಿತ್ತು.

ಒಂದು ದಿನ ಫಿಟ್ಟರ್ ಯಮನೂರಪ್ಪ ಗಾಳಿಯ ವಾಲ್ವ್ ಮುಚ್ಚಿ, ಒಳಗುಳಿದ ಒತ್ತಡವನ್ನೆಲ್ಲ ಬಿಟ್ಟು, ಆಸಿಡ್ ಬಸಿದು ತೊಳೆದು, ಪಂಪನ್ನು ಬಿಚ್ಚಿದ. ಮೇಜಿನ ಮೇಲೆ ಸೈಲೆನ್ಸರಿನ ಪಕ್ಕಕ್ಕೆ, ಪಂಪಿನ ಒಳಗಿಂದ ತೆಗೆದ ಒಂದು ರಬ್ಬರ್ ಪೊರೆಯನ್ನು ಇಟ್ಟ.

"ಯಾರು ನೀನು? ಒಳಗೆ ನಿನಗೇನು ಕೆಲಸ?" ಎಂದು ಸೈಲೆನ್ಸರ್ ಕೇಳಿತು.

"ನನ್ನ ಒಂದು ಮಗ್ಗುಲಿಗೆ ಗಾಳಿ, ಇನ್ನೊಂದು ಮಗ್ಗುಲಿಗೆ ಆಸಿಡ್. ಅವೆರಡೂ ಸೇರದಂತೆ ನಡುವೆ ನಿಲ್ಲುವುದೇ ಕೆಲಸ."

"ನೀನು ಹರಿದಿಲ್ಲವಲ್ಲ, ತೆಗೆದದ್ದೇಕೆ?"

ಪೊರೆ ತನ್ನ ಮೈಮೇಲಿನ ಕೂದಲೆಳೆಯಂಥ ಬಿರುಕು ತೋರಿಸಿತು. "ಹರಿಯುವವರೆಗೆ ಕಾಯಬಾರದು. ನಾನು ಹರಿದ ದಿನ ಆಸಿಡ್ ಹೊರಬರುವುದು ನಿನ್ನ ಬಾಯಿಂದಲೇ."

ಸೈಲೆನ್ಸರಿಗೆ ದಾಸಮ್ಮನ ಕಣ್ಣು ಮುಚ್ಚಿದ ಮುಖ ನೆನಪಾಯಿತು. ಬೇಸಿಗೆಯುದ್ದಕ್ಕೂ ತಾನು ಆ ಮುಖಕ್ಕೆ ಊದಿದ್ದು ಬರೀ ಗಾಳಿಯಾಗಿತ್ತು. ಅದು ಬರೀ ಗಾಳಿಯಾಗಿಯೇ ಉಳಿದದ್ದು ಈ ಪೊರೆಯಿಂದ ಎಂದು ಅದಕ್ಕೆ ಈಗ ತಿಳಿಯಿತು.